ಎರಡನೆಯ ಹೂವು

ಜೂನ್ 15, ಭಾನುವಾರ, ಬೆಳಗ್ಗೆ ಆರೂವರೆ. ತಿರುಮಕೂಡಲು ನರಸೀಪುರದ ನಮ್ಮ ಮನೆಯ ಹಿತ್ತಿಲ ಜಗುಲಿಯಲ್ಲಿ ಕೂತು ಇದನ್ನು ಬರೆಯಲು ಶುರು ಮಾಡಿದೆ. ಗೋಡೆಯ ಆಚೆ ಅಪ್ಪನ ಹಿಟ್ಟಿನ ಮಿಲ್ಲು ಓಡುತ್ತಿದೆ. ಅದು ಓಡುವಾಗ ಜಗುಲಿಯ ಮೇಲಿಟ್ಟ ಲೋಟದ ನೀರು ನಡುಗುತ್ತದೆ. ಪಕ್ಕದಲ್ಲಿ ಕೂತವರ ಮಾತೂ ಕೇಳಿಸುವುದಿಲ್ಲ.

ಎಂಟನೇ ಕ್ಲಾಸಿನಿಂದ ದಿನಚರಿ ಬರೆಯುವುದು ನನಗೆ ರೂಢಿ. ಮಳೆ ಬಂದ ದಿನ, ಕರೆಂಟು ಹೋದ ಹೊತ್ತು, ಮನೆಗೆ ಯಾರು ಬಂದರು, ಊಟ ಮಾಡಿಕೊಂಡು ಹೋದರೋ ಹಾಗೇ ಹೋದರೋ, ಎಲ್ಲ ಬರೆಯುತ್ತೇನೆ. ಈಗ ನಂಜನಗೂಡಿನ ಒಂದು ಕಾರ್ಖಾನೆಯಲ್ಲಿ ಗುಣಮಟ್ಟ ನೋಡುವ ವಿಭಾಗದಲ್ಲಿದ್ದೇನೆ. ಅಲ್ಲೂ ಗಂಟೆಗೊಮ್ಮೆ ಅಳತೆ ನೋಡಿ ಬರೆಯುವುದೇ ಕೆಲಸ. ವಾರವೆಲ್ಲ ಅಲ್ಲೇ ಒಂದು ರೂಮಿನಲ್ಲಿರುತ್ತೇನೆ, ಶನಿವಾರ ಸಂಜೆ ಬಸ್ಸು ಹತ್ತಿ ನರಸೀಪುರಕ್ಕೆ ಬರುತ್ತೇನೆ. ಬರೆದಿಟ್ಟರೆ ಯಾವ ವಿಷಯವೂ ಒಂದಲ್ಲ ಒಂದು ದಿನ ತಿಳಿಯಾಗುತ್ತದೆ ಎಂದುಕೊಂಡಿದ್ದವಳು ನಾನು. ಇದೊಂದು ಮಾತ್ರ ಎಷ್ಟು ಬರೆದರೂ ತಿಳಿಯಾಗಲಿಲ್ಲ. ಅದಕ್ಕೇ ಈ ಸಲ ಬೇರೆಯವರು ಓದಲಿ ಎಂದು ಪತ್ರಿಕೆಗೆ ಬರೆಯುತ್ತಿದ್ದೇನೆ.

ವಿಷಯ ಇಷ್ಟು. ಅವ್ವನಿಗೆ ಆಪರೇಷನ್ ಮಾಡಿಸಬೇಕೋ ಬೇಡವೋ ಎಂದು ಅಪ್ಪ ದೇವರಲ್ಲಿ ಹೂ ಕೇಳಿದ. ದೇವರು ಬೇಡ ಎಂದಿತು ಎಂದು ಬಂದು ಹೇಳಿದ. ಅವ್ವ ಆಪರೇಷನ್ ಮಾಡಿಸಿಕೊಳ್ಳಲಿಲ್ಲ. ಆರು ತಿಂಗಳೊಳಗೆ ಹೋದಳು. ದೇವರು ಅವತ್ತು ಬೇಡ ಎಂದಿತ್ತೇ ಎನ್ನುವುದು ನನಗೆ ಈವರೆಗೂ ಗೊತ್ತಾಗಿಲ್ಲ.

ಹೂ ಕೇಳುವುದು ನಮ್ಮ ಕಡೆ ಎಲ್ಲರಿಗೂ ಗೊತ್ತಿರುವ ಪದ್ಧತಿ. ಹೆಣ್ಣು ತರುವುದಿರಲಿ, ಕೊಳವೆಬಾವಿ ಕೊರೆಸುವುದಿರಲಿ, ಮನಸ್ಸು ಹೊಯ್ದಾಡಿದರೆ ಗುಡಿಗೆ ಹೋಗುತ್ತಾರೆ. ಪೂಜಾರಿ ಹೂಗಳನ್ನು ನೀರಿನಲ್ಲಿ ಅದ್ದಿ ದೇವರ ಕಲ್ಲಿನ ಎರಡೂ ಕಡೆ ಸಾಲಾಗಿ ಅಂಟಿಸುತ್ತಾನೆ. ಕೇಳುವವರು ಎದುರಿಗೆ ಕೂತು ಮನಸ್ಸಿನಲ್ಲಿ ಕೇಳಿಕೊಳ್ಳುತ್ತಾರೆ. ಮೊದಲು ಬಲಗಡೆಯ ಹೂ ಬಿದ್ದರೆ ಒಪ್ಪಿಗೆ, ಎಡಗಡೆಯದು ಬಿದ್ದರೆ ಬೇಡ. ಯಾವುದೂ ಬೀಳದಿದ್ದರೆ ಇನ್ನೊಂದು ದಿನ ಬರಬೇಕು. ಅಪ್ಪನ ಊರು ಸೋಸಲೆಯ ಕಡೆ. ಅಲ್ಲಿ ಇಷ್ಟೇ.

ಅವ್ವನ ತವರು ನಂಜನಗೂಡು ತಾಲ್ಲೂಕಿನಲ್ಲಿ, ಸುತ್ತೂರಿನಿಂದ ಸ್ವಲ್ಪ ದೂರದ ಹಳ್ಳಿ. ಅಲ್ಲಿ ಒಂದು ಸಣ್ಣ ಮಾದಪ್ಪನ ಗುಡಿ ಇದೆ. ಅವ್ವನಿಗೆ ಮಾದಪ್ಪ ಎಂದರೆ ತವರಿನಿಂದ ಜೊತೆಗೇ ಬಂದುಬಿಟ್ಟ ಒಬ್ಬ ಹಿರಿಯನ ಹಾಗೆ. ಮುದ್ದೆ ತಿರುವುತ್ತಾ ಮಾತಾಡಿಸುತ್ತಿದ್ದಳು. ಮಿಲ್ಲಿಗೆ ಜನ ತುಂಬಿದ ಹೊತ್ತಿನಲ್ಲಿ ಕರೆಂಟು ಹೋದರೆ ಬೈಯುತ್ತಿದ್ದಳು.

“ನಿಂಗೇನು ಮಾದಪ್ಪ, ಎಣ್ಣೆ ದೀಪ್ದಲ್ಲಿ ಕುಂತಿರ್ತೀಯ. ಇಲ್ಲಿ ಮೂರು ಮನೆ ರಾಗಿ ಕಲ್ಲೊಳ್ಗೆ ಸಿಕ್ಕಾಕಂಡದೆ, ಕಣ್ ಬುಟ್ಟು ನೋಡು!”

ಅಪ್ಪ ಹಿಟ್ಟು ಮೆತ್ತಿದ ರೆಪ್ಪೆ ಬಡಿಯುತ್ತಾ ನಗುತ್ತಿದ್ದ. “ಲೇ ಅಮ್ಮಿ, ಅವ್ನು ಲೈನ್‌ಮ್ಯಾನ್ ಅಲ್ಲ ಕಣೆ.”

“ನಿಮ್ಗೇನ್ ಗೊತ್ತು, ಸುಮ್ಕಿರಿ.”

ನಾನು ನಂಬುವವಳಲ್ಲ. ಅದನ್ನು ಜಗಳವಾಡಿ ಬಿಟ್ಟದ್ದೂ ಅಲ್ಲ. ಕಾಲೇಜಿನ ದಿನಗಳಲ್ಲಿ ಯಾವಾಗಲೋ ಕೈ ಮುಗಿಯುವ ಅಭ್ಯಾಸ ತಪ್ಪಿಹೋಯಿತು, ಅಷ್ಟೆ. ಅವ್ವನಿಗೆ ಗೊತ್ತಿತ್ತು. “ನಿನ್ ಪಾಲಿಂದೂ ನಾನೇ ಮುಗುದ್ಬುಡ್ತೀನಿ ಬುಡು” ಎನ್ನುತ್ತಿದ್ದಳು.

ಎರಡು ವರ್ಷದ ಹಿಂದಿನ ಮುಂಗಾರಿನಲ್ಲಿ ಅವ್ವನಿಗೆ ಹೊಟ್ಟೆ ನೋವು ಶುರುವಾಯಿತು. ಮೈಸೂರಿನ ಆಸ್ಪತ್ರೆಯಲ್ಲಿ ಸ್ಕ್ಯಾನ್ ಮಾಡಿಸಿದೆವು. ಗರ್ಭಕೋಶದ ಪಕ್ಕದಲ್ಲಿ ಗಡ್ಡೆ ಇದೆ, ತೆಗೆದು ಪರೀಕ್ಷೆಗೆ ಕಳಿಸಿದರೆ ಏನೆಂದು ಗೊತ್ತಾಗುತ್ತದೆ, ತಡ ಮಾಡಬೇಡಿ ಎಂದರು ಡಾಕ್ಟರು. ವಾಪಸು ಬರುವ ಬಸ್ಸಿನಲ್ಲಿ ಅವ್ವ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದಳು. ಊರು ಹತ್ತಿರವಾದಾಗ ಅಪ್ಪನಿಗೆ ಹೇಳಿದಳು.

“ನಮ್ಮೂರ ಮಾದಪ್ಪನ್ನ ಒಂದ್ಮಾತು ಕೇಳ್ಬುಡಿ. ಅವ್ನು ಊಂ ಅಂದ್ರೆ ನಾಳೆನೇ ಕೊಯ್ಸಿ. ಇಲ್ದಿದ್ರೆ ನನ್ನ ಆ ಮೇಜಿನ ಮ್ಯಾಲೆ ಮಲಗುಸ್ಬೇಡಿ.”

ನಾನು ಬೇಡ ಎನ್ನಬಹುದಿತ್ತು. ದೇವರು ಹೂಂ ಎಂದರೆ ಅವ್ವನಿಗೆ ಧೈರ್ಯ ಬರುತ್ತದೆ ಎಂದು ಲೆಕ್ಕ ಹಾಕಿದೆ. ಬೇಡ ಎಂದರೆ ಏನು ಎಂದು ಯೋಚಿಸಲಿಲ್ಲ.

ಆಗಸ್ಟ್ 21, ಶ್ರಾವಣದ ಸೋಮವಾರ, ಅಪ್ಪ ಒಬ್ಬನೇ ಹೋದ. ಅವ್ವನಿಗೆ ಬಸ್ಸಿನ ಕುಲುಕಾಟ ತಡೆಯುವ ಹಾಗಿರಲಿಲ್ಲ, ನನಗೆ ರಜೆ ಸಿಗಲಿಲ್ಲ. ಮಧ್ಯಾಹ್ನ ಊಟದ ಹೊತ್ತಿಗೆ ಫೋನು ಮಾಡಿದೆ. ಅವ್ವನೇ ಎತ್ತಿದಳು.

“ಎಡ್ಗಡೆ ಕೊಟ್ನಂತೆ ಕಣವ್ವ. ಬ್ಯಾಡ ಅಂದ್ನಂತೆ. ನಿಮ್ಮಪ್ಪ ಕುಂತ್ಕಂಡ್ ಕಣ್ ಮುಚ್ಚಿ ಬುಡೋದ್ರೊಳ್ಗೇ ಬಿತ್ತಂತೆ. ನಂಗೊತ್ತಿತ್ತು.”

ಅವಳು ನಗುತ್ತಿದ್ದಳು. ಎಷ್ಟೋ ದಿನದ ಮೇಲೆ ಆ ನಗು ಕೇಳಿದೆ. ಆ ನಗುವಿನ ಎದುರು ನನಗೆ ಡಾಕ್ಟರ ಮಾತು ತೆಗೆಯಲಾಗಲಿಲ್ಲ. ಆಮೇಲೆ ತೆಗೆದಾಗ ಇಬ್ಬರೂ ಒಂದೇ ಮಾತು ಹೇಳಿದರು: ಕೇಳಿ ಆಯಿತಲ್ಲ.

ಮುಂದಿನ ಮೂರು ತಿಂಗಳು ಅವ್ವ ಚೆನ್ನಾಗಿಯೇ ಇದ್ದಳು. ಯಾರೋ ಹೇಳಿದ ಕಷಾಯ ಕುಡಿದಳು. ಮಿಲ್ಲಿನ ಬಾಗಿಲಲ್ಲಿ ಕೂತು ಬಂದವರ ಜೊತೆ ಹರಟಿದಳು, ಹೊಸ ಸೀರೆಗೆ ಕುಚ್ಚು ಕಟ್ಟಿಸಿದಳು. ಬನ್ನೂರಿನ ಸಂಬಂಧಿಕರ ಮದುವೆಗೆ ಹೋಗಿ ಬಂದು ಅಲ್ಲಿನ ಪಾಯಸ ನೀರು ನೀರು ಎಂದು ಒಂದು ವಾರ ಆಡಿಕೊಂಡಳು. ಆ ದಿನಗಳನ್ನು ಬರೆದ ಹಾಳೆಗಳು ಎಷ್ಟು ಮಾಮೂಲಾಗಿವೆ ಎಂದರೆ ಈಗ ಓದಲು ಆಗುವುದಿಲ್ಲ. ಡಿಸೆಂಬರಿನಲ್ಲಿ ಹೊಟ್ಟೆ ಊದಿತು. ಮತ್ತೆ ಅದೇ ಆಸ್ಪತ್ರೆ. ಈ ಸಲ ಆಪರೇಷನ್ನಿನ ಮಾತು ಬರಲಿಲ್ಲ. ಫೆಬ್ರವರಿ 8ರ ಗುರುವಾರ, ಬೆಳಗಿನ ಕಾಫಿಯ ಹೊತ್ತಿಗೆ, ಮನೆಯಲ್ಲೇ ಹೋದಳು. ಅಪ್ಪ ಅವಳ ಪಾದ ಹಿಡಿದುಕೊಂಡು ಕೂತಿದ್ದ. ನಾನು ಲೋಟ ಹಿಡಿದು ನಿಂತಿದ್ದೆ.

ಬಂದವರಿಗೆಲ್ಲ ಅಪ್ಪ ಒಂದೇ ಮಾತು ಹೇಳುತ್ತಿದ್ದ. “ಅವ್ನಿಗೆ ಗೊತ್ತಿತ್ತು. ಕೊಯ್ಸಿದ್ರೂ ಉಳೀತಿರ್ಲಿಲ್ಲ. ಇರೋ ನಾಲ್ಕ್ ದಿವ್ಸಾನ ಯಾಕೆ ಕುಯ್ದು ಆಳ್ ಮಾಡ್ತೀರಿ ಅಂತ ಬ್ಯಾಡ ಅಂದ.” ಹೇಳುವಾಗ ಅವನ ಬೆನ್ನು ನೆಟ್ಟಗಾಗುತ್ತಿತ್ತು. ಅವನನ್ನು ಆ ದಿನಗಳಲ್ಲಿ ನಿಲ್ಲಿಸಿದ್ದು ಆ ಮಾತೇ. ನಾನು ಅದನ್ನು ನಂಬದಿದ್ದರೂ ಅದಿರಲಿ ಎಂದುಕೊಂಡೆ.

ಹನ್ನೊಂದನೆಯ ದಿನ ತಿಥಿ. ಊಟವಾಗಿ ನೆಂಟರು ಒಬ್ಬೊಬ್ಬರೇ ಏಳುತ್ತಿದ್ದರು. ಅವ್ವನ ಅಕ್ಕ, ಅಂದರೆ ನನ್ನ ದೊಡ್ಡವ್ವ, ಮತ್ತು ನಾನು ಇದೇ ಜಗುಲಿಯಲ್ಲಿ ಕೂತು ಹೋಗುವವರಿಗೆ ಕೊಡಲು ವೀಳ್ಯದೆಲೆ ಒರೆಸುತ್ತಿದ್ದೆವು. ದೊಡ್ಡವ್ವನನ್ನು ತವರೂರಿಗೇ ಕೊಟ್ಟಿದ್ದಾರೆ. ಗುಡಿಯ ಎದುರಿನ ಬೀದಿಯಲ್ಲೇ ಮನೆ. ಎಲೆಯ ತೊಟ್ಟು ಮುರಿಯುತ್ತಾ ಕೇಳಿದಳು.

“ಎರ್ಡ್ನೇ ಹೂವ ಯಾವ್ ಕಡೀಕ್ ಆಯ್ತಂತೆ ಮಗ?”

“ಎರಡನೇ ಹೂವಾ?”

“ಊಂ ಕನ. ನಮ್ ಗುಡೀಲಿ ಮೊದುಲ್ನೇ ಹೂವ ಲೆಕ್ಕುಕ್ಕಿಲ್ವಲ್ಲ. ಅದು ನಿನ್ ಮಾತು ಕೇಳುಸ್ತು ಅಂತ ಕೊಡೋದು. ಅದುನ್ನ ಎತ್ತಿ ಕಣ್ಗೊತ್ಕಂಡು ತಿರ್ಗ ಕುಂತ್ಕಬೇಕು. ಆಮ್ಯಾಕೆ ಎರ್ಡ್ನೇದು ಬೀಳ್ತದೆ. ಅದೇ ಉತ್ತರ.”

ದೊಡ್ಡವ್ವ ನನ್ನ ಮುಖ ನೋಡಿದಳು.

“ನಿಮ್ಮಪ್ಪ ಕುಂತ್ಕಳ್ನಿಲ್ವಾ?”

“ಬಿದ್ದ ತಕ್ಷಣ ಎದ್ದು ಬಸ್ಸಿಗೆ ಬಂದನಂತೆ.”

“ಅಯ್ಯೋ ನನ್ ಶಿವನೇ.” ಅವಳು ಎಲೆಯನ್ನು ಹಾಗೇ ಮಡಿಲಲ್ಲಿ ಬಿಟ್ಟಳು. “ಪೂಜಾರಪ್ಪ ಕೂಗ್ನಿಲ್ವಾ? ಊರ್ ಅಳಿಯ, ಗೊತ್ತಿರ್ತದೆ ಅಂದ್ಕಂಡ್ನೇನೋ. ಎಡ ಬಿತ್ತಲ್ಲ, ಬ್ಯಾಸ್ರ ಮಾಡ್ಕಂಡ್ ಎದ್ದೋದ ಅಂದ್ಕಂಡ್ನೇನೋ.” ಆಮೇಲೆ ನನ್ನ ಮೊಣಕೈ ಹಿಡಿದಳು. “ನೀನು ನಿಮ್ಮಪ್ಪಂಗೆ ಏಳ್ಬೇಡ. ನಾನೂ ಏಳಕಿಲ್ಲ. ತಿಳುದ್ರೆ ಆ ಮನ್ಸ ಉಳಿಯಕಿಲ್ಲ.”

ಹೇಳುವುದಿಲ್ಲ ಎಂದೆ. ಅವತ್ತಿನಿಂದ ನನ್ನದೊಂದು ವಿಚಿತ್ರವಾದ ಸ್ಥಿತಿ. ದೇವರನ್ನು ನಂಬದ ನಾನು, ಅಪ್ಪನ ದೇವರಿಗೆ ಏಟು ಬೀಳದ ಹಾಗೆ ಕಾಯುವ ಕೆಲಸ ಹಿಡಿದೆ. ಅವ್ವನ ತವರಿನವರು ಮಾತಿಗೆ ಸಿಕ್ಕಿದರೆ ವಿಷಯ ಬದಲಿಸುತ್ತಿದ್ದೆ. ಮದುವೆ ಮನೆಗಳಲ್ಲಿ ಅಪ್ಪನ ಪಕ್ಕ ಬಿಟ್ಟು ಕೂರುತ್ತಿರಲಿಲ್ಲ.

ನನಗೆ ನಾನೇ ತರ್ಕ ಹೇಳಿಕೊಳ್ಳುತ್ತಿದ್ದೆ. ಹೂ ಎಂದರೆ ಹೂ. ನೀರು ಆರಿದರೆ ಬೀಳುತ್ತದೆ. ಗಾಳಿ ಬಂದ ಕಡೆಯದು ಮೊದಲು ಆರುತ್ತದೆ. ಒಂದಾದರೇನು, ಎರಡಾದರೇನು. ಹಾಗೆಂದರೆ ಅಪ್ಪನ ತಪ್ಪೇನೂ ಇಲ್ಲ, ಎಲ್ಲರೂ ಹೆದರಿದಾಗ ಮಾಡುವುದನ್ನೇ ಅವನೂ ಮಾಡಿದ. ಕಾಗದದ ಮೇಲೆ ಸರಿಯಾಗಿ ಕಾಣುತ್ತಿತ್ತು. ಬಸ್ಸಿನಲ್ಲಿ ಕೂತಾಗ ಮಾತ್ರ ಬೇರೆ ಯೋಚನೆ ಬರುತ್ತಿತ್ತು. ಎರಡನೆಯದು ಬಲಕ್ಕೆ ಬಿದ್ದಿದ್ದರೆ ಅವ್ವ ಮಾರನೆಯ ದಿನವೇ ಆಸ್ಪತ್ರೆಗೆ ಹೊರಡುತ್ತಿದ್ದಳು. ಮೈಸೂರಿನ ಡಾಕ್ಟರನ್ನು ಹೋಗಿ ಕೇಳಿದೆ, ಆಗಸ್ಟಿನಲ್ಲೇ ತೆಗೆದಿದ್ದರೆ ಉಳಿಯುತ್ತಿದ್ದಳಾ ಎಂದು. ಅವರು ಹಳೆಯ ಸ್ಕ್ಯಾನನ್ನು ಬೆಳಕಿಗೆ ಹಿಡಿದು ನೋಡಿ, “ಹೇಳೋಕ್ಕಾಗಲ್ಲಮ್ಮ” ಎಂದರು.

ನಂಜನಗೂಡಿನ ರೂಮಿನಲ್ಲಿ ನನ್ನ ಜೊತೆ ಇರುವವಳು ಅದೇ ತಾಲ್ಲೂಕಿನ ಬೌದ್ಧರ ಮನೆಯ ಹುಡುಗಿ. ಅವಳು ಕಪಾಟಿನ ಮೇಲೆ ಒಂದು ಸಣ್ಣ ಬುದ್ಧನ ಪಟ ಇಟ್ಟು ಸಂಜೆ ದೀಪ ಹಚ್ಚುತ್ತಾಳೆ. ಒಂದು ದಿನ ಕೇಳಿದೆ.

“ಏನು ಕೇಳ್ಕೊತೀಯ?”

“ಏನೂ ಕೇಳಲ್ಲ. ಅದು ಕೇಳೋ ದೇವ್ರಲ್ಲ.”

“ಮತ್ತೆ ದೀಪ ಯಾಕೆ?”

“ಕತ್ಲೆ ಆಯ್ತದಲ್ಲ ಮಾರಾಯ್ತಿ, ಅದುಕ್ಕೆ” ಎಂದು ನಕ್ಕಳು. ಅವಳ ಅಣ್ಣ ಬೈಕಿನಲ್ಲಿ ಬಿದ್ದು ತೀರಿಕೊಂಡು ಐದು ವರ್ಷ. ಅವಳ ಅಮ್ಮ ಅದನ್ನು ಹೇಗೆ ತಡೆದುಕೊಂಡರು ಎಂದು ಕೇಳಿದೆ. ಅವಳು ದೀಪದ ಬತ್ತಿ ಸರಿ ಮಾಡಿ, “ತಡ್ಕೊಳ್ಲಿಲ್ಲ. ಬದುಕವಳೆ” ಎಂದಳು. ಅಣ್ಣನ ಮಗುವನ್ನು ಅಂಗನವಾಡಿಗೆ ಬಿಡುವುದು, ಕರೆತರುವುದು, ಅದರ ಮೂಗು ಒರೆಸುವುದು, ಇದರಲ್ಲೇ ಅವರಿಗೆ ದಿನ ಹೋಗುತ್ತದಂತೆ. ಆ ಮಾತು ನನಗೆ ಸಮಾಧಾನ ತಂದಿತು. ಆದರೆ ನಮ್ಮ ಮನೆಯಲ್ಲಿ ಮೂಗು ಒರೆಸಲು ಯಾರೂ ಇರಲಿಲ್ಲ. ಅಪ್ಪನಿಗೆ ಮಿಲ್ಲು ಇತ್ತು, ಮಾದಪ್ಪನ ಆ ಒಂದು ಮಾತು ಇತ್ತು.

ಈ ವರ್ಷದ ಬೇಸಿಗೆಗೆ ಅಪ್ಪನ ಕಣ್ಣು ಮಂಜಾಯಿತು. ಪೊರೆ ಬಂದಿತ್ತು. ಅವನು ಒಪ್ಪಿಕೊಳ್ಳಲಿಲ್ಲ. ಒಂದು ಭಾನುವಾರ ನಾನು ಮಿಲ್ಲಿನಲ್ಲೇ ಇದ್ದಾಗ ಪಕ್ಕದ ಬೀದಿಯ ಹೆಂಗಸೊಬ್ಬಳು ಡಬ್ಬ ಹೊತ್ತುಕೊಂಡು ವಾಪಸು ಬಂದಳು.

“ಏನಣ್ಣೋ, ನಾನ್ ರಾಗಿ ಕೊಟ್ರೆ ಅಕ್ಕಿ ಇಟ್ಟು ಕೊಟ್ಟಿದೀಯಲ್ಲ, ಮುದ್ದೆ ಎಂಗ್ ಕಟ್ಲಿ? ನಿನ್ ಮಿಲ್ಲು ಏನ್ ಮ್ಯಾಜಿಕ್ ಮಾಡ್ತದಾ?”

“ಡಬ್ಬ ಅದ್ಲು ಬದ್ಲಾಯ್ತು ಕಣಕ್ಕ.”

“ಡಬ್ಬ ಅಲ್ಲ, ನಿನ್ ಕಣ್ ಅದ್ಲು ಬದ್ಲಾಗವೆ. ಓಗಿ ತೋರ್ಸು. ಇಲ್ದಿದ್ರೆ ಮುಂದ್ಲ ವಾರ ಮೆಣಸಿನ್ಕಾಯಿ ಪುಡೀನ ಕೂಸಿನ್ ರಾಗಿಸರಿಗ್ ಬೆರುಸ್ತೀಯ!”

ಎಲ್ಲರೂ ನಕ್ಕರು. ಅಪ್ಪನೂ ನಕ್ಕ. ಸಂಜೆ ನಾನು ಆಪರೇಷನ್ನಿನ ಮಾತು ತೆಗೆದೆ. ಅವನು ರೆಪ್ಪೆಯ ಹಿಟ್ಟು ಒರೆಸಿಕೊಂಡು ಹೇಳಿದ: “ಮಾಡುಸ್ಕಳನ. ಮೊದ್ಲು ನಿಮ್ಮವ್ವನೂರಿಗೋಗಿ ಒಂದು ಹೂವ ಕೇಳ್ಕಬತ್ತೀನಿ.”

ಅವ್ವ ಹೋದ ಮೇಲೆ ಅವನು ಆ ಊರಿಗೆ ಕಾಲಿಟ್ಟಿರಲಿಲ್ಲ. ಅಲ್ಲಿ ಏನಾಗಬಹುದು ಎನ್ನುವುದು ಆಗಲೇ ನನ್ನ ಕಣ್ಣಿಗೆ ಕಟ್ಟಿತು. ಅಲ್ಲಿ ಕೂತ, ಮೊದಲ ಹೂ ಬಿತ್ತು, ಎದ್ದ, ಪೂಜಾರಿ ಕೂಗಿ “ಕೂತ್ಕೊಳ್ಳಿ, ಎರಡನೇದು ಬೀಳ್ಬೇಕು” ಎಂದ. ಆ ಒಂದು ಮಾತಿನಲ್ಲಿ ಅಪ್ಪನಿಗೆ ಎಲ್ಲ ತಿಳಿದುಹೋಗುತ್ತದೆ. ನಮ್ಮೂರಿನ ಗುಡಿಯಲ್ಲೇ ಕೇಳು ಎಂದೆ. ಈ ವಿಷಯಕ್ಕೆಲ್ಲ ಯಾಕೆ ಕೇಳಬೇಕು ಎಂದೆ. ಅವನು ಕೇಳಲಿಲ್ಲ.

ಮರುವಾರ ಒಂದು ದಿನ ಅರ್ಧ ರಜೆ ಹಾಕಿ ಅಪ್ಪನಿಗೆ ತಿಳಿಸದೆ ಆ ಊರಿಗೆ ಹೋದೆ. ಅವ್ವನ ವಿಷಯಕ್ಕೆ ಅಪ್ಪ ಹೂ ಕೇಳಿದಾಗ ಇದ್ದ ಮುದಿ ಪೂಜಾರಿ ತೀರಿಕೊಂಡಿದ್ದರು. ಈಗ ಅವರ ತಮ್ಮನ ಮಗ ಪೂಜೆ ಮಾಡುತ್ತಾನೆ. ಗುಡಿಯ ಹೊರಗೆ ಟ್ರಾಕ್ಟರಿಗೆ ಗ್ರೀಸು ಹಚ್ಚುತ್ತಿದ್ದ. ನನ್ನ ಮಾತೆಲ್ಲ ಕೇಳಿ ಕೈ ಒರೆಸಿಕೊಂಡ.

“ಅಂಗಾರೆ ನಾನೇನ್ ಮಾಡ್ಬೇಕು ಅಂತೀಯ ಅಕ್ಕ?”

“ಮೊದಲ ಹೂ ಬಿದ್ದ ಮೇಲೆ ಅವರು ಎದ್ದರೆ ಕೂಗಬೇಡಿ. ಹೋಗಲಿ ಬಿಡಿ.”

“ದೇವ್ರ ಉತ್ರ ಅರ್ದುಕ್ಕೇ ಬುಟ್ಟೋಗ್ಲಿ ಅಂತೀಯ.”

“ಒಂದು ಸಲ ಬಿಟ್ಟು ಹೋಗಿದ್ದಾರಲ್ಲ.”

ಅವನು ತಲೆ ತಗ್ಗಿಸಿದ. “ಕೇಳುದ್ರೆ ಸುಳ್ ಏಳಕಾಗಲ್ಲ. ಕೇಳ್ದಿದ್ರೆ ಬಾಯ್ ಬುಡಲ್ಲ. ಅಷ್ಟೇ ನನ್ ಕೈಲಾಗದು.”

ಹೊರಡುವಾಗ ಇನ್ನೊಂದು ಕೇಳಿದೆ. ನಿಮ್ಮ ದೊಡ್ಡಪ್ಪನ ಕಾಲದಲ್ಲೂ ಎರಡು ಹೂವೇ ಕೇಳುತ್ತಿದ್ದರಾ? ಅವನು ಅನುಮಾನಿಸಿದ. “ಆಗ ನಾನು ಲಾರಿ ಓಡುಸ್ತಿದ್ದೆ, ಊರಲ್ಲೇ ಇರ್ತಿರ್ಲಿಲ್ಲ. ದೊಡ್ಡಪ್ಪ ಏನೂ ಏಳ್ಕೊಡದೇ ಓಗ್ಬುಟ್ರು. ನಾನ್ ಬಂದಾಗ ಬೀದಿ ಎಂಗುಸ್ರು ಎರ್ಡು ಅಂದ್ರು, ಎರ್ಡು ಕೇಳ್ತೀನಿ.”

ಮೇ 19, ಸೋಮವಾರ ಅಪ್ಪ, ನಾನು ಇಬ್ಬರೂ ಹೋದೆವು. ಬಿಸಿಲು ಏರುವ ಮೊದಲೇ ಗುಡಿ ಸೇರಿದೆವು. ಪೂಜಾರಿ ನನ್ನನ್ನು ಕಂಡೂ ಕಾಣದವನ ಹಾಗಿದ್ದ. ಬಿಳಿ ಕಣಗಿಲೆ ಹೂಗಳನ್ನು ಅದ್ದಿ ಕಲ್ಲಿನ ಎರಡೂ ಕಡೆ ಅಂಟಿಸಿದ. ಅಪ್ಪ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು ಕಣ್ಣು ಮುಚ್ಚಿದ. ಅವನ ತುಟಿ ಸ್ವಲ್ಪ ಅಲುಗಿತು.

ಮೊದಲ ಹೂ ಬೇಗನೆ ಬಿತ್ತು. ಬಲಗಡೆ. ಒಳ್ಳೆಯದೇ ಆಯಿತು, ಇನ್ನು ಏಳುತ್ತಾನೆ ಎಂದುಕೊಂಡು ಅವನ ಚಪ್ಪಲಿ ಸರಿ ಮಾಡಲು ಬಾಗಿದೆ.

ಅಪ್ಪ ಏಳಲಿಲ್ಲ. ಪೂಜಾರಿ ಕೊಟ್ಟ ಹೂವನ್ನು ಕಣ್ಣಿಗೆ ಒತ್ತಿಕೊಂಡು ಪಂಚೆಯ ತುದಿಯಲ್ಲಿ ಕಟ್ಟಿದ. ಮತ್ತೆ ಕೈ ಜೋಡಿಸಿ ಹಾಗೇ ಕೂತ.

ಪೂಜಾರಿ ನನ್ನ ಕಡೆ ನೋಡಿದ. ನಾನು ಕಂಬ ಹಿಡಿದುಕೊಂಡೆ. ಎರಡನೆಯ ಹೂ ಬೀಳಲಿಲ್ಲ. ಕರ್ಪೂರ ಹಚ್ಚಿ ಆರಿತು, ಬೇರೆ ಒಂದಿಬ್ಬರು ಬಂದು ತೀರ್ಥ ತೆಗೆದುಕೊಂಡು ಹೋದರು, ಬಾಗಿಲಿನ ಬಿಸಿಲು ಅಪ್ಪನ ಮೊಣಕಾಲಿಗೆ ಬಂತು. ಕೊನೆಗೆ ಪೂಜಾರಿಯೇ ಮೆಲ್ಲಗೆ ಹೇಳಿದ. “ಇವತ್ತು ಕೊಡಂಗಿಲ್ಲ ಕಣಪ್ಪೋ. ಇನ್ನೊಂದ್ ಸೋಮಾರ ಬಾ.”

ಬಸ್ಸಿಗೆ ಕಾಯುತ್ತಾ ಹುಣಸೆ ಮರದ ಕೆಳಗಿನ ಕಲ್ಲಿನ ಮೇಲೆ ಕೂತೆವು. ನಾನೇ ಕೇಳಿದೆ.

“ಎರಡನೇ ಹೂ ಇರುತ್ತೆ ಅಂತ ನಿಂಗ್ಯಾರು ಹೇಳಿದ್ರಪ್ಪ?”

“ನಿಮ್ ದೊಡ್ಡವ್ವ.”

“ಯಾವಾಗ?”

“ನಿಂಗೇಳ್ದಾಗ್ಲೇ. ತಿಥಿ ದಿವ್ಸ. ನೀವು ಇತ್ಲಲ್ಲಿ ಎಲೆ ಒರುಸ್ತಾ ಕುಂತಿದ್ರಿ. ಆವತ್ತು ಮಿಲ್ಲು ನಿಂತಿತ್ತಲ್ಲ. ಜನ ಸಾಕಾಗಿ ಒಳ್ಗೆ ಮೂಟೆ ಮ್ಯಾಲೆ ಒಬ್ನೇ ಕುಂತಿದ್ದೆ. ಎಲ್ಲಾ ಕೇಳುಸ್ತು.”

ಒಂದು ವರ್ಷಕ್ಕೂ ಹೆಚ್ಚು ಕಾಲ ನಾನು ಕಾದದ್ದು ಏನನ್ನು? ಬಂದವರಿಗೆಲ್ಲ ಅವನು ಆಮೇಲೆಯೂ ಅದೇ ಮಾತನ್ನು ನೆಟ್ಟಗೆ ಕೂತು ಹೇಳುತ್ತಿದ್ದ. ನನಗಾಗಿ ಹೇಳುತ್ತಿದ್ದ.

“ನಂಗ್ಯಾಕೆ ಹೇಳ್ಲಿಲ್ಲ?”

“ನೀನೂ ಏಳ್ಲಿಲ್ವಲ್ಲ. ಮದ್ವೆ ಮನೇಲೆಲ್ಲ ಪೋಲೀಸ್ನವ್ರಂಗೆ ಪಕ್ಕದಲ್ಲೇ ಕುಂತಿರ್ತಿದ್ದೆ. ಪಾಪ, ಕಾಯ್ಲಿ ಬುಡು ಅಂತ ಸುಮ್ಕಾದೆ.” ಅವನು ನಗಲು ನೋಡಿದ, ಆಗಲಿಲ್ಲ.

ನಾನು ನನ್ನ ತರ್ಕವನ್ನೆಲ್ಲ ಹೇಳಿದೆ. ಹೂ ಎಂದರೆ ಹೂ, ನೀರು ಆರಿದರೆ ಬೀಳುತ್ತದೆ, ಅದರಲ್ಲಿ ನಿನ್ನ ತಪ್ಪೇನಿದೆ, ಡಾಕ್ಟರೇ ಹೇಳೋಕ್ಕಾಗಲ್ಲ ಅಂದರು ಎಂದೆ. ಅಪ್ಪ ಪೂರ್ತಿ ಕೇಳಿಸಿಕೊಂಡ.

“ಅಂಗೂ ಅಂದ್ಕಂಡ್ ನೋಡ್ದೆ ಮಗ. ಎಷ್ಟೋ ದಿವ್ಸ ಕಲ್ ತಿರುಗ್ತಿರ್ಬೇಕಾದ್ರೆ ಅದೇ ಯೋಚ್ನೆ. ಅವ್ನೇ ಇಲ್ಲ ಅಂದ್ರೆ ನನ್ ತಪ್ಪಿಲ್ಲ, ಸರಿ. ಆದ್ರೆ ನಿಮ್ಮವ್ವ ಸುಮ್‌ಸುಮ್ನೆ ಓದ್ಲು ಅಂತಾಯ್ತದೆ. ಅಷ್ಟ್ ವರ್ಸ ಅವ್ಳು ಮಾತಾಡಿದ್ದು ಗೋಡೆ ಜೊತೆ ಅಂತಾಯ್ತದೆ. ಅವ್ನಿದಾನೆ ಅಂದ್ರೆ ತಪ್ಪು ನಂದು. ನಂದೇ ಆಗ್ಲಿ. ತಪ್ ಮಾಡ್ದೋನು ಓಗಿ ನಿಂತ್ಕಳಕೆ ಒಂದ್ ಬಾಗ್ಲಾದ್ರೂ ಇರ್ತದಲ್ಲ.”

ಪಂಚೆಯ ತುದಿಯ ಗಂಟು ಮುಟ್ಟಿ ನೋಡಿಕೊಂಡು ಹೇಳಿದ. “ನಾನ್ ಕಣ್ಣಿಂದು ಕೇಳ್ನಿಲ್ಲ ಇವತ್ತು. ಕಣ್ಣಿಂದು ನಿನ್ನಿಷ್ಟ, ಯಾವತ್ತಾರೆ ಮಾಡ್ಸು.”

“ಮತ್ತೇನು ಕೇಳಿದೆ?”

“ಎದ್ದೋಗಿದ್ನಲ್ಲ, ಅದುಕ್ಕೆ ಕ್ಷಮ್ಸಿದೀಯಾ ಅಂತ.”

ಬಸ್ಸು ಬಂತು. ಅಪ್ಪನ ಕೈ ಹಿಡಿದು ಹತ್ತಿಸಿದೆ, ಮೆಟ್ಟಿಲು ಅವನಿಗೆ ಕಾಣುತ್ತಿರಲಿಲ್ಲ. ನಂಜನಗೂಡಿನಲ್ಲಿ ಬಸ್ಸು ಬದಲಿಸಿದೆವು. ನನಗೆ ಅವನ ಮೇಲೆ ಅಸೂಯೆಯಂಥದ್ದೇನೋ ಆಗಿತ್ತು. ಡಾಕ್ಟರ ಮಾತು ಕೇಳಿಯೂ ಅವತ್ತು ಬಸ್ಸಿನಲ್ಲಿ ಸುಮ್ಮನಿದ್ದವಳು ನಾನೂ ಹೌದು. ನನಗೆ ಹೋಗಿ ಕೂರಲು ಯಾವ ಬಾಗಿಲೂ ಇಲ್ಲ. ಅವನಿಗೆ ಇರುವ ಬಾಗಿಲಲ್ಲೂ ಯಾರೂ ಮಾತಾಡುತ್ತಿಲ್ಲ.

ಮೇ ತಿಂಗಳ ಕೊನೆಗೆ ಕಣ್ಣಿನ ಆಪರೇಷನ್ ಆಯಿತು, ಚೆನ್ನಾಗಿಯೇ ಆಯಿತು. ಕಪ್ಪು ಕನ್ನಡಕ ಹಾಕಿಕೊಂಡೇ ಅಪ್ಪ ಮುಂದಿನ ಸೋಮವಾರ ಗುಡಿಗೆ ಹೋದ. ಅದರ ಮುಂದಿನ ಸೋಮವಾರವೂ ಹೋದ. ಎರಡನೆಯ ಹೂ ಬಿದ್ದಿಲ್ಲ. ವಾಪಸು ಬಂದು “ಇವತ್ತೂ ಕೊಡ್ನಿಲ್ಲ” ಎನ್ನುತ್ತಾನೆ, ಮಿಲ್ಲಿನ ಸ್ವಿಚ್ಚು ಹಾಕುತ್ತಾನೆ. ಭಾನುವಾರವೇ ಪಂಚೆ ಒಗೆದು ಹಾಕುತ್ತಾನೆ. ಅವನ ವಾರಕ್ಕೆ ಒಂದು ದಿಕ್ಕು ಬಂದಿದೆ. ಊಟ ಸರಿಯಾಗಿ ಮಾಡುತ್ತಿದ್ದಾನೆ. ಇದನ್ನು ಸಂತೋಷ ಎನ್ನಲು ನನಗೆ ಬಾಯಿ ಬರುವುದಿಲ್ಲ. ಮುಖ ನೋಡಿದರೆ ಅಳು ಬರುತ್ತದೆ.

ನಾನು ನನಗೆ ಗೊತ್ತಿರುವ ಕೆಲಸವನ್ನೇ ಮಾಡಿದೆ, ವಿಚಾರಿಸಿದೆ. ಅವ್ವನ ಊರಿನ ಆಸುಪಾಸಿನ ಎಂಟು ಗುಡಿಗಳಲ್ಲಿ ಕೇಳಿದೆ. ಆರು ಕಡೆ ಮೊದಲ ಹೂವೇ ಉತ್ತರ. ಎರಡು ಕಡೆ ಎರಡನೆಯದು. ಅವ್ವನ ಊರಿನಲ್ಲೇ ಮಾತು ಎರಡಾಗಿದೆ. ದೊಡ್ಡವ್ವ ಮೊದಲಿನ ಹಾಗೇ ಹೇಳುತ್ತಾಳೆ. ಅದೇ ಬೀದಿಯ ಇನ್ನೊಬ್ಬ ಅಜ್ಜಿ ಬೇರೆ ಹೇಳಿದರು. ಎರಡು ಹೂ ಎನ್ನುವುದು ಹಸು ಮತ್ತು ಬೆಳೆಯ ವಿಷಯಕ್ಕೆ ಮಾತ್ರ, ಮನುಷ್ಯರ ಜೀವದ ಮಾತಿಗೆ ಮುದಿ ಪೂಜಾರಿ ಒಂದೇ ಕೇಳುತ್ತಿದ್ದರು, ಅದಕ್ಕೇ ನಿಮ್ಮಪ್ಪನನ್ನು ಕೂಗಲಿಲ್ಲ ಎಂದರು. ಅವರಿಗೆ ನೆನಪು ಅಷ್ಟು ಚೆನ್ನಾಗಿಲ್ಲ, ಮಾತಿನ ನಡುವೆ ನನ್ನನ್ನೇ ಅವ್ವ ಎಂದುಕೊಂಡರು.

ಆ ಅಜ್ಜಿ ಹೇಳಿದ್ದು ನಿಜವಾದರೆ ಅಪ್ಪ ಅರ್ಧಕ್ಕೆ ಎದ್ದು ಬಂದಿಲ್ಲ, ಪೂರ್ತಿ ಕೇಳಿಯೇ ಬಂದ. ಕ್ಷಮೆ ಕೇಳುವಂಥದ್ದು ಏನೂ ಇಲ್ಲ. ಆದರೆ ಆಗ ಅವ್ವನ ಮಾದಪ್ಪ ಅವ್ವನಿಗೆ ನಿಜವಾಗಿಯೂ ಬೇಡ ಎಂದ ಹಾಗಾಗುತ್ತದೆ. ಎರಡರಲ್ಲಿ ಯಾವುದನ್ನು ಅಪ್ಪ ಹೊರಬಲ್ಲ ಎಂದು ನನಗೆ ತಿಳಿಯದು. ತಿಳಿದ ಮೇಲೆ ಹೇಳುವೆನೇ ಎಂದೂ ತೀರ್ಮಾನಿಸಿಲ್ಲ. ಹೇಳುವುದಾದರೂ ಬಿಡುವುದಾದರೂ ಸರಿಯಾಗಿ ತಿಳಿದುಕೊಂಡು ಮಾಡಬೇಕು. ಈ ಸಲ ಅರ್ಧ ತಿಳಿದು ಸುಮ್ಮನಿರಲಾರೆ.

ಈಗ ಒಂಬತ್ತೂ ಕಾಲು. ಮಿಲ್ಲು ನಿಂತಿದೆ, ಅಪ್ಪ ಪಂಚೆ ನೆನೆಹಾಕಲು ಬಕೆಟ್ ತರುತ್ತಿದ್ದಾನೆ. ಸುತ್ತೂರಿನ ಸುತ್ತಮುತ್ತಲ ಹಳ್ಳಿಗಳಲ್ಲಿ ಮಾದಪ್ಪನ ಹೂ ಕೇಳಿದವರು, ಕೇಳುವುದನ್ನು ಪಕ್ಕದಲ್ಲಿ ನಿಂತು ನೋಡಿದವರು ಇದನ್ನು ಓದುತ್ತಿದ್ದರೆ ಪತ್ರಿಕೆಯ ಮೂಲಕ ನನಗೆ ಬರೆಯಿರಿ. ಈಚೆಗಲ್ಲ, ಹಳೆಯ ಪೂಜಾರಿಗಳ ಕಾಲದಲ್ಲಿ, ಕಾಯಿಲೆಯ ಮನುಷ್ಯರಿಗಾಗಿ ಕೇಳುವಾಗ ಒಂದು ಹೂವೋ ಎರಡೋ? ಕಣ್ಣಾರೆ ಕಂಡದ್ದೋ, ಯಾರೋ ಹೇಳಿದ್ದೋ ಎಂಬುದನ್ನೂ ದಯವಿಟ್ಟು ಬೇರೆ ಮಾಡಿ ಬರೆಯಿರಿ.